ಈ 37 ಎಲ್ಲಿಂದ ಬಂತು? ಹಳೇ ರಿಸೀವರ್ ಕೋಡ್‌ನ ತೇಪೆ ಬಿಚ್ಚೋದು ಹೇಗೆ?

ಸೂಜಿದಾರ · ಶನಿವಾರ ಬೆಳಿಗ್ಗೆ 9:40

ಎಲ್ಲರಿಗೂ ನಮಸ್ಕಾರ. ಒಂದು ಓಪನ್ ಸೋರ್ಸ್ ರೇಡಿಯೋ ರಿಸೀವರ್ ಪ್ರೋಗ್ರಾಂ ನನ್ನ ತಲೆಗೆ ಬಂದಿದೆ. ಆರ್‌ಟಿಎಲ್ ಡಾಂಗಲ್‌ನಿಂದ (ಯುಎಸ್‌ಬಿಗೆ ಸಿಕ್ಕಿಸುವ ಪುಟ್ಟ ರೇಡಿಯೋ ರಿಸೀವರ್) ಸಿಗ್ನಲ್ ತೆಗೆದುಕೊಂಡು ಎಫ್‌ಎಂ ಕೇಳಿಸುತ್ತದೆ. ನೋವಾ ಹವಾಮಾನ ಉಪಗ್ರಹಗಳ ಎಪಿಟಿ (ಸಾಲು ಸಾಲಾಗಿ ಅನಲಾಗ್ ಸಿಗ್ನಲ್‌ನಲ್ಲಿ ಬರುವ) ಚಿತ್ರವನ್ನೂ ಬಿಡಿಸುತ್ತದೆ. ಮೊದಲು ಬರೆದವರು ಕೆಲಸ, ಸಂಸಾರ ಅಂತ ಬಿಟ್ಟು ಹೋಗಿ ತುಂಬಾ ದಿನವಾಯಿತು. ನಾನು ಆಗಾಗ ಪ್ಯಾಚ್ ಕಳಿಸುತ್ತಿದ್ದೆ. ಒಂದು ದಿನ ನೋಡಿದರೆ ಬೀಗದ ಕೈ ನನ್ನ ಸೊಂಟದಲ್ಲಿತ್ತು.

ಕೋಡ್ ಕೆಲಸ ಮಾಡುತ್ತದೆ. ತೊಂದರೆ ಇರುವುದೇ ಅಲ್ಲಿ. ಒಂದೇ ಸಿ ಫೈಲ್, ಆರು ಸಾವಿರ ಚಿಲ್ಲರೆ ಸಾಲು. ಪಿಕ್ಸೆಲ್ ಓದುವ ಜಾಗದಲ್ಲಿ ಸುಮ್ನೆ 37 ಕೂಡಿಸಿದ್ದಾರೆ, ಪಕ್ಕದಲ್ಲಿ "ಮುಟ್ಟಬೇಡಿ" ಅಂತ ಕಾಮೆಂಟ್. ಇನ್ನೊಂದು ಕಡೆ ಸ್ಯಾಂಪಲ್ ರೇಟನ್ನು (ಸೆಕೆಂಡಿಗೆ ಸಿಗ್ನಲನ್ನು ಎಷ್ಟು ಸಲ ಅಳೆಯುತ್ತೇವೆ ಅನ್ನೋದು) 0.98437ರಿಂದ ಭಾಗಿಸಿದ್ದಾರೆ, "ಇದಿಲ್ಲದಿದ್ದರೆ ಚಿತ್ರ ವಾಲುತ್ತದೆ" ಅಂತ ಬರೆದಿದ್ದಾರೆ. ಎಫ್‌ಎಫ್‌ಟಿಗೆ (ಸಿಗ್ನಲನ್ನು ಆವರ್ತನಗಳಾಗಿ ಬಿಡಿಸುವ ಲೆಕ್ಕ) ಬಫರ್ ಕೊಡುವಾಗ ಪಾಯಿಂಟರ್‌ನಿಂದ (ಮೆಮೊರಿ ವಿಳಾಸ) ಒಂದು ಕಳೆದು ಕೊಡುತ್ತಾರೆ. ಡಿಎಂಫಸಿಸ್ ಫಿಲ್ಟರ್ (ಪ್ರಸಾರದಲ್ಲಿ ಹೆಚ್ಚಿಸಿದ ಕೀರಲು ಸ್ವರವನ್ನು ಮತ್ತೆ ತಗ್ಗಿಸುವುದು) ಒಳಗೆ 10ರ ಮೈನಸ್ 18ನೇ ಘಾತದಷ್ಟು ಪುಟಾಣಿ ಸಂಖ್ಯೆ ಕೂಡಿಸುತ್ತಾರೆ. ಡಾಂಗಲ್ ತೆರೆದ ಮೇಲೆ 250 ಮಿಲಿಸೆಕೆಂಡ್ ನಿದ್ದೆ. ಒಂದೇ ಎಫ್‌ಐಆರ್ ಫಿಲ್ಟರ್ (ಅಕ್ಕಪಕ್ಕದ ಸ್ಯಾಂಪಲ್‌ಗಳನ್ನು ತೂಕ ಹಾಕಿ ಕೂಡಿಸುವ ಫಿಲ್ಟರ್) ನಾಲ್ಕು ಕಡೆ ಕಾಪಿ ಆಗಿದೆ, ನಾಲ್ಕನೆಯದರ ಲೂಪ್ ಮಾತ್ರ ಒಂದು ಸ್ಯಾಂಪಲ್ ಜಾಸ್ತಿ ಓಡುತ್ತದೆ.

ಹೋದ ವಾರ ಹುಮ್ಮಸ್ಸಿನಲ್ಲಿ ಆ 37 ಕಿತ್ತು ಹಾಕಿದೆ. ಚಿತ್ರ ಚೆನ್ನಾಗಿಯೇ ಬಂತು, ಖುಷಿಯಾಗಿ ಬಿಡುಗಡೆ ಮಾಡಿದೆ. ಎರಡನೇ ದಿನ ಒಬ್ಬರು ಬಗ್ ಹಾಕಿದರು: ನಕ್ಷೆಯ ಗೆರೆಗಳೆಲ್ಲ ಕರಾವಳಿ ಬಿಟ್ಟು ಸಮುದ್ರದೊಳಗೆ ಹೋಗಿವೆ. ಮೂರು ಪಿಕ್ಸೆಲ್ ಸರಿದಿತ್ತು. ಎಪಿಟಿಯಲ್ಲಿ ಒಂದು ಪಿಕ್ಸೆಲ್ ಅಂದರೆ ಸುಮಾರು 4 ಕಿಲೋಮೀಟರ್. ಅಂದರೆ ಪಶ್ಚಿಮ ಕರಾವಳಿಯನ್ನು 12 ಕಿಲೋಮೀಟರ್ ತಳ್ಳಿಬಿಟ್ಟಿದ್ದೆ. 37 ವಾಪಸ್ ಹಾಕಿ ಕೂತಿದ್ದೇನೆ.

ಇಂಥ ಕೋಡನ್ನು ಎಲ್ಲಿಂದ ಶುರು ಮಾಡೋದು? ಯಾರಾದರೂ ಮಾಡಿದ್ದೀರಾ?

ನೀರ್ಮಜ್ಜಿಗೆ · 9:52

ಕೆಲಸ ಮಾಡ್ತಾ ಇದೆ ಅಲ್ವಾ? ಬಿಟ್ಟುಬಿಡಿ.

ತುಕ್ಕುಪ್ರಿಯ · 10:05

ಆರು ಸಾವಿರ ಸಾಲು ಏನು ದೊಡ್ಡದಲ್ಲ. ರಸ್ಟ್ ಭಾಷೆಯಲ್ಲಿ ಹೊಸದಾಗಿ ಬರೆದುಬಿಡಿ. ಪಾಯಿಂಟರ್‌ನಿಂದ ಒಂದು ಕಳೆಯೋದು, ಲೂಪ್ ಒಂದು ಜಾಸ್ತಿ ಓಡೋದು, ಇವೆಲ್ಲ ಅಲ್ಲಿ ಹುಟ್ಟೋದೇ ಇಲ್ಲ. ಎರಡು ತಿಂಗಳ ವಾರಾಂತ್ಯ ಸಾಕು.

ಬೆಳ್ಳುಳ್ಳಿ_ಚಟ್ನಿ · 10:09

@ತುಕ್ಕುಪ್ರಿಯ ಬಂದ್ರಲ್ಲಪಾ ನಮ್ಮ ರಸ್ಟ್ ಸಾಹೇಬರು. ನೆಗಡಿ ಬಂತಂತ ಮೂಗು ಕೊಯ್ಕೊಳ್ಳೋದೇನ್ರಿ? ರಸ್ಟ್‌ನ್ಯಾಗ ಬರದ್ರ 37 ಯಾಕ ಅಂತ ಕಂಪೈಲರ್ ಹೇಳ್ತದೇನು?

ತುಕ್ಕುಪ್ರಿಯ · 10:14

ಹೇಳುವುದಿಲ್ಲ. ಆದರೆ ಹೊಸದಾಗಿ ಬರೆಯುವಾಗ ನೀವೇ ಯೋಚನೆ ಮಾಡಬೇಕಾಗುತ್ತದೆ, 37 ಅಂತ ಸುಮ್ನೆ ಕಾಪಿ ಮಾಡೋಕೆ ಆಗಲ್ಲ. ಅಜ್ಜ ನೆಟ್ಟ ಆಲದ ಮರ ಅಂತ ಅದಕ್ಕೇ ನೇಣು ಹಾಕಿಕೊಳ್ಳೋದಾ?

ಕಡಲತಡಿ · 10:31

ಆಲದ ಮರ ಕಡಿಯುವ ಮೊದಲು ಅದರ ಬೇರು ಯಾರ ಮನೆಯ ಗೋಡೆಯನ್ನು ಹಿಡಿದುಕೊಂಡಿದೆ ಅಂತ ನೋಡಬೇಕು ಮಾರಾಯ್ರೆ.

ಆ ಎಫ್‌ಎಫ್‌ಟಿ ವಿಷಯ ಓದಿ ನನಗೆ ಹಳೇ ಗಾಯ ನೆನಪಾಯಿತು. ಬಫರ್‌ನಿಂದ ಒಂದು ಕಳೆದು ಕೊಡುತ್ತಾರೆ ಅಂದರೆ ಅದು ನ್ಯೂಮರಿಕಲ್ ರೆಸಿಪೀಸ್ ಪುಸ್ತಕದ ಹಳೇ ಸಿ ಆವೃತ್ತಿಯಿಂದ ಎತ್ತಿದ ಕೋಡ್ ಇರಬೇಕು. ಫೋರ್ಟ್ರಾನ್ ಅಭ್ಯಾಸ, ಅರೇ ಎಣಿಕೆ 1ರಿಂದ ಶುರು. ಅದಕ್ಕೇ ಆ ಕಸರತ್ತು. ಸಿ ನಿಯಮದ ಪ್ರಕಾರ ಅರೇಯ ಹಿಂದಕ್ಕೆ ಪಾಯಿಂಟರ್ ಇಡೋದೇ ತಪ್ಪು, ಆದರೆ ಎಲ್ಲ ಕಡೆ ಓಡುತ್ತದೆ.

ಅದಕ್ಕಿಂತ ದೊಡ್ಡ ತಲೆನೋವು ಲೈಸೆನ್ಸ್. ಆ ಪುಸ್ತಕದ ಕೋಡನ್ನು ಮೂಲ ರೂಪದಲ್ಲಿ ಹಂಚುವ ಹಕ್ಕು ಯಾರಿಗೂ ಇಲ್ಲ. ನಿಮ್ಮದು ಜಿಪಿಎಲ್ (ಎಲ್ಲರೂ ಮೂಲ ಕೋಡ್ ಹಂಚಬಹುದಾದ ಲೈಸೆನ್ಸ್) ಪ್ರಾಜೆಕ್ಟ್ ಆಗಿದ್ದರೆ ಅದು ಒಳಗೆ ಇರಲೇಬಾರದು. 37 ಆಮೇಲೆ ನೋಡಿ, ಮೊದಲು ಇದನ್ನು ತೆಗೆಯಿರಿ.

ಸೂಜಿದಾರ · 10:38

ಅಯ್ಯೋ. ಈಗ ನೋಡಿದೆ. ಫಂಕ್ಷನ್ ಹೆಸರು ಕೂಡ ಬದಲಾಯಿಸಿಲ್ಲ. ಬದಲಿಗೆ ಏನು ಹಾಕಲಿ? ಎಫ್‌ಎಫ್‌ಟಿಡಬ್ಲ್ಯೂ?

ಅರ್ಧಬಿಟ್ · 10:50

ನಿಮ್ಮದು ಜಿಪಿಎಲ್ ಆದರೆ ಅದು ನಡೆಯುತ್ತದೆ, ಅದೂ ಜಿಪಿಎಲ್. ಆದರೆ 1024 ಪಾಯಿಂಟ್‌ನ ವಾಟರ್‌ಫಾಲ್ (ಹರಿಯುವ ಆವರ್ತನದ ಚಿತ್ರ) ತೋರಿಸೋಕೆ ಅಷ್ಟು ದೊಡ್ಡ ಲೈಬ್ರರಿ ಯಾಕೆ? ಕಿಸ್‌ಎಫ್‌ಎಫ್‌ಟಿ ಸಾಕು, ಬಿಎಸ್‌ಡಿ ಲೈಸೆನ್ಸ್, ಪುಟ್ಟದು. ಇಲ್ಲ ಅಂದರೆ ಪಾಕೆಟ್‌ಎಫ್‌ಎಫ್‌ಟಿ. ಪೈಥಾನ್‌ನ ನಂಪೈ ಲೈಬ್ರರಿ ಕೂಡ 2019ರಲ್ಲಿ 1.17ರಿಂದ ಹಳೇ ಎಫ್‌ಎಫ್‌ಟಿಪ್ಯಾಕ್ ಬಿಟ್ಟು ಅದಕ್ಕೇ ಬಂತು.

ಕಡಲತಡಿ · 11:02

ಬದಲಿಸುವಾಗ ಒಂದು ಎಚ್ಚರ. ನನಗೆ ಗಾಯವಾದದ್ದು ಇಲ್ಲೇ.

ಆ ಪುಸ್ತಕದ ಫಂಕ್ಷನ್‌ಗೆ 1 ಕೊಟ್ಟರೆ ಎಫ್‌ಎಫ್‌ಟಿ ಸೂತ್ರದ ಘಾತದಲ್ಲಿ ಪ್ಲಸ್ ಚಿಹ್ನೆ. ಎಫ್‌ಎಫ್‌ಟಿಡಬ್ಲ್ಯೂ, ಕಿಸ್ ಎಲ್ಲದರಲ್ಲೂ ಮುಮ್ಮುಖ ಅಂದರೆ ಮೈನಸ್. ಇದು ಗೊತ್ತಿಲ್ಲದೆ ಬದಲಿಸಿದೆ. ಬರೀ ಆಡಿಯೋ ಆಗಿದ್ದರೆ ಏನೂ ಗೊತ್ತಾಗುತ್ತಿರಲಿಲ್ಲ. ಐಕ್ಯೂ ಡೇಟಾ (ಪ್ರತಿ ಸ್ಯಾಂಪಲ್‌ಗೂ ಐ, ಕ್ಯೂ ಅಂತ ಎರಡು ಸಂಖ್ಯೆ) ಆದ್ದರಿಂದ ಸ್ಪೆಕ್ಟ್ರಮ್ ಕನ್ನಡಿಯಲ್ಲಿ ನೋಡಿದ ಹಾಗೆ ಉಲ್ಟಾ ಆಯಿತು. ಬಲಕ್ಕಿರುವ ಸ್ಟೇಷನ್ ಎಡಕ್ಕೆ. ಅಂದರೆ ಹಳೇ ಕೋಡ್‌ನಲ್ಲಿ ಅದನ್ನು ಸರಿಮಾಡುವ ಇನ್ನೊಂದು ತೇಪೆ ಎಲ್ಲೋ ಇತ್ತು ಅಂತ ಅರ್ಥ, ನಾನು ಹುಡುಕಲಿಲ್ಲ.

ನಾನು ಮಲಗಿದ್ದಾಗ ಇನ್ನೊಬ್ಬ ಪುಣ್ಯಾತ್ಮ ಅದನ್ನು "ಸರಿಮಾಡಿದ". ಹೇಗೆ? ಡಾಂಗಲ್‌ನಿಂದ ಬರುವಲ್ಲೇ ಐ ಮತ್ತು ಕ್ಯೂ ಅದಲುಬದಲು ಮಾಡಿದ. ವಾಟರ್‌ಫಾಲ್ ಸರಿಯಾಯಿತು. ಹಾಡೂ ಸರಿ ಕೇಳಿತು, ಅಲೆ ತಲೆಕೆಳಗಾದರೆ ಕಿವಿಗೆ ಎಲ್ಲಿ ಗೊತ್ತಾಗುತ್ತದೆ? ಎಫ್‌ಎಸ್‌ಕೆ (ಎರಡು ಆವರ್ತನದಲ್ಲಿ ಸೊನ್ನೆ, ಒಂದು ಕಳಿಸುವ ರೀತಿ) ಡಿಕೋಡರ್‌ಗೆ ಗೊತ್ತಾಯಿತು. ಸೊನ್ನೆಯೆಲ್ಲ ಒಂದು, ಒಂದೆಲ್ಲ ಸೊನ್ನೆ. ತಮಾಷೆ ಅಂದರೆ ಹಡಗುಗಳು ತಾವಿರುವ ಜಾಗ ತಿಳಿಸುವ ಎಐಎಸ್ ಸಂಕೇತ ಮಾತ್ರ ಏನೂ ಆಗದ ಹಾಗೆ ಓಡುತ್ತಿತ್ತು, ನಮ್ಮ ಬಂದರಿನ ಹಡಗುಗಳೆಲ್ಲ ನಕ್ಷೆಯಲ್ಲಿ ಆರಾಮಾಗಿ ಕಾಣುತ್ತಿದ್ದವು. ಅದರ ಕೋಡಿಂಗ್‌ನಲ್ಲಿ ಬದಲಾವಣೆ ಆಯಿತಾ ಇಲ್ಲವಾ ಅನ್ನೋದು ಮಾತ್ರ ಲೆಕ್ಕ, ಉಲ್ಟಾ ಆದರೂ ಚಿಂತೆಯಿಲ್ಲ. ಹಾಗಾಗಿ ಎರಡು ವಾರ ನಾವು ತಪ್ಪು ಜಾಗದಲ್ಲಿ ಹುಡುಕುತ್ತಿದ್ದೆವು.

ಶ್ರುತಿಪೆಟ್ಟಿಗೆ · 11:20

@ಸೂಜಿದಾರ ದಯವಿಟ್ಟು ಆ 10ರ ಮೈನಸ್ 18 ಮುಟ್ಟಬೇಡಿ. ನಾನು ಮುಟ್ಟಿ ಅನುಭವಿಸಿದ್ದೇನೆ.

ನನ್ನದು ರೇಡಿಯೋ ಅಲ್ಲ, ತಂಬೂರದ ಶ್ರುತಿ ನೋಡುವ ಒಂದು ಪುಟ್ಟ ಪ್ರೋಗ್ರಾಂ. ಅದರ ಫಿಲ್ಟರ್‌ನಲ್ಲೂ ಹೀಗೇ ಒಂದು ಪುಟಾಣಿ ಸಂಖ್ಯೆ ಇತ್ತು. ಕೇಳಿಸದಷ್ಟು ಚಿಕ್ಕದು, ಯಾರೋ ಪರೀಕ್ಷೆಗೆ ಹಾಕಿ ಮರೆತಿರಬೇಕು ಅಂದುಕೊಂಡು ತೆಗೆದೆ. ಮೀಟುವಾಗ ಏನೂ ತೊಂದರೆ ಇಲ್ಲ. ತಂಬೂರ ನಿಲ್ಲಿಸಿ ಸ್ವಲ್ಪ ಹೊತ್ತಾದ ಮೇಲೆ ಲ್ಯಾಪ್‌ಟಾಪ್ ಫ್ಯಾನ್ ಜೋರಾಗಿ ತಿರುಗೋಕೆ ಶುರು. ಶಬ್ದ ಇದ್ದಾಗ ಸುಮ್ಮನಿದ್ದು ನಿಶ್ಶಬ್ದ ಆದಾಗ ಸಿಪಿಯು ಒದ್ದಾಡುತ್ತದೆ! ದೆವ್ವ ಹಿಡಿದಿದೆ ಅಂತಲೇ ಅಂದುಕೊಂಡಿದ್ದೆ.

ಕಾರಣ ಇಷ್ಟೇ. ಡಿಎಂಫಸಿಸ್ ಥರದ ಐಐಆರ್ ಫಿಲ್ಟರ್ ತನ್ನ ಹಿಂದಿನ ಉತ್ತರವನ್ನೇ ಮತ್ತೆ ತಿನ್ನುತ್ತದೆ. ಒಳಗೆ ಬರುವುದು ಸೊನ್ನೆ ಆದರೂ ಅದರ ಹೊಟ್ಟೆಯಲ್ಲಿರುವ ಬೆಲೆ ಥಟ್ಟನೆ ಸೊನ್ನೆ ಆಗುವುದಿಲ್ಲ, ಕರಗುತ್ತಾ ಹೋಗುತ್ತದೆ. 32 ಬಿಟ್ ಫ್ಲೋಟ್‌ನಲ್ಲಿ ಅದು 10ರ ಮೈನಸ್ 38ನೇ ಘಾತಕ್ಕಿಂತ ಕೆಳಗೆ ಹೋದಾಗ ಡಿನಾರ್ಮಲ್ ಸಂಖ್ಯೆ ಆಗುತ್ತದೆ. ಎಷ್ಟೋ ಪ್ರೊಸೆಸರ್‌ಗಳಲ್ಲಿ ಅವುಗಳ ಗುಣಾಕಾರ ಹತ್ತಾರು ಪಟ್ಟು ನಿಧಾನ. ಆ ಪುಟಾಣಿ ಸಂಖ್ಯೆ ಇದ್ದರೆ ಬೆಲೆ ಅಷ್ಟು ಕೆಳಗೆ ಇಳಿಯೋದೇ ಇಲ್ಲ.

ಈಗ ಸರಿಯಾದ ದಾರಿ ಇದೆ. ಇಂಟೆಲ್ ಕಡೆ ಎಫ್‌ಟಿಝಡ್, ಡಿಎಝಡ್ ಅಂತ ಎರಡು ಬಿಟ್ ಆನ್ ಮಾಡಿದರೆ ಪ್ರೊಸೆಸರ್ ತಾನೇ ಅವನ್ನು ಸೊನ್ನೆ ಮಾಡುತ್ತದೆ. ಆದರೆ ಪ್ರತಿ ಥ್ರೆಡ್‌ನಲ್ಲೂ ಆನ್ ಮಾಡಬೇಕು. ಮರೆತರೆ ಮತ್ತೆ ಫ್ಯಾನ್.

ಬೆಳ್ಳುಳ್ಳಿ_ಚಟ್ನಿ · 11:26

ಕಂಪೈಲರ್‌ಗೆ ಫಾಸ್ಟ್ ಮ್ಯಾಥ್ ಫ್ಲ್ಯಾಗ್ ಹಾಕಿ ಬಿಡ್ರಿ, ಎಲ್ಲಾ ತಾನೇ ಆಗ್ತದ.

ಅರ್ಧಬಿಟ್ · 11:29

ಬೇಡ ಬೇಡ. ಅದನ್ನು ಹಾಕಿದರೆ ಕಂಪೈಲರ್ "ನ್ಯಾನ್ (ಸಂಖ್ಯೆಯೇ ಅಲ್ಲದ ಬೆಲೆ) ಅನ್ನೋದು ಬರೋದೇ ಇಲ್ಲ" ಅಂತ ತಿಳಿದುಕೊಳ್ಳುತ್ತದೆ. ನೀವು ಬರೆದ ನ್ಯಾನ್ ಪರೀಕ್ಷೆಯನ್ನೇ ಅಳಿಸಿ ಹಾಕಬಹುದು. ಒಂದು ಕೆಟ್ಟ ಸ್ಯಾಂಪಲ್ ಐಐಆರ್ ಒಳಗೆ ಹೋದರೆ ಮತ್ತೆ ಪ್ರೋಗ್ರಾಂ ಮುಚ್ಚಿ ತೆರೆಯುವ ತನಕ ಹೊರಗೆ ಬರುವುದೆಲ್ಲ ನ್ಯಾನ್.

ಬೇರೆ ಪ್ರಶ್ನೆ. @ಸೂಜಿದಾರ ಡಾಂಗಲ್ ಯಾವ ರೇಟ್‌ನಲ್ಲಿ ಓಡಿಸುತ್ತೀರಿ? ಆಡಿಯೋ ರೇಟ್ ಎಷ್ಟು?

ಸೂಜಿದಾರ · 11:33

ಡಾಂಗಲ್ ಸೆಕೆಂಡಿಗೆ 20,48,000 ಸ್ಯಾಂಪಲ್. ಆಡಿಯೋ 48,000. ಯಾಕೆ?

ಅರ್ಧಬಿಟ್ · 11:41

ಸಿಕ್ಕಿತು.

20,48,000ವನ್ನು 48,000ದಿಂದ ಭಾಗಿಸಿ. 42.67 ಬರುತ್ತದೆ. ಸಿ ಭಾಷೆಯಲ್ಲಿ ಎರಡೂ ಪೂರ್ಣಾಂಕ ಆಗಿದ್ದರೆ ಬಾಲ ಕತ್ತರಿಸಿ 42 ಕೊಡುತ್ತದೆ. ನಿಮ್ಮ ಕೋಡ್ 42 ಸ್ಯಾಂಪಲ್‌ಗೆ ಒಂದು ಹೊರಗೆ ಬಿಡುತ್ತಿದೆ. ಹಾಗಾದರೆ ನಿಜವಾದ ರೇಟ್ 48,000 ಅಲ್ಲ, 48,761.9. ಮುಂದಿನ ಕೋಡ್‌ಗೆ ಇದು ಗೊತ್ತಿಲ್ಲ. ಅದು 48,000 ಅಂತಲೇ ನಂಬಿಕೊಂಡು ಸಾಲು ಎಣಿಸುತ್ತದೆ. ಎಪಿಟಿಯಲ್ಲಿ ಅರ್ಧ ಸೆಕೆಂಡಿಗೆ ಒಂದು ಸಾಲು. ಪ್ರತಿ ಸಾಲಿಗೂ 381 ಸ್ಯಾಂಪಲ್ ತಪ್ಪಿದರೆ ಚಿತ್ರ ವಾಲದೆ ಇನ್ನೇನು ಮಾಡುತ್ತದೆ?

48,000 ಭಾಗಿಸು 48,761.9. ಸರಿಯಾಗಿ 63/64. ಅಂದರೆ 0.984375.

ಸೂಜಿದಾರ · 11:44

ಒಂದು ನಿಮಿಷ ಕುರ್ಚಿಯಿಂದ ಎದ್ದು ಓಡಾಡಿ ಬಂದೆ.

ಶ್ರುತಿಪೆಟ್ಟಿಗೆ · 11:52

ಹಾಗಾದರೆ ಎಫ್‌ಎಂ ಕೇಳುವಾಗಲೂ ಇದೇ ದಾರಿನಾ? ಸೆಕೆಂಡಿಗೆ 48,762 ಸ್ಯಾಂಪಲ್ ತಯಾರಾಗಿ, ಸೌಂಡ್ ಕಾರ್ಡ್ 48,000 ಮಾತ್ರ ಉಣ್ಣುತ್ತದೆ ಅಂದರೆ ಶ್ರುತಿ 27 ಸೆಂಟ್ ಕೆಳಗೆ ಹೋಗುತ್ತದೆ. ಒಂದು ಸ್ವರಸ್ಥಾನದ ಕಾಲು ಭಾಗಕ್ಕಿಂತ ಸ್ವಲ್ಪ ಜಾಸ್ತಿ. ಮತ್ತೆ ಮಿಕ್ಕ 762 ಸ್ಯಾಂಪಲ್ ಎಲ್ಲಿಗೆ ಹೋಗುತ್ತವೆ? ಬಫರ್ ತುಂಬಿ ಚೆಲ್ಲಬೇಕು. ಹಾಡಿನ ಮಧ್ಯೆ ಆಗಾಗ "ಟಿಕ್" ಅಂತ ಕೇಳುತ್ತಾ?

ಸೂಜಿದಾರ · 12:03

ಕೇಳುತ್ತದೆ!! ಅದು ಬಹಳ ಹಳೇ ಬಗ್. "ಡಾಂಗಲ್ ಬಿಸಿಯಾದರೆ ಟಿಕ್ ಶಬ್ದ" ಅಂತ ಹೆಸರು. ಅದಕ್ಕೆ ಇಬ್ಬರು ಹೀಟ್‌ಸಿಂಕ್ ಅಂಟಿಸಿಕೊಂಡಿದ್ದಾರೆ.

ಈಗ 101.3 ರೈನ್‌ಬೋ ಹಾಕಿ, ಪಕ್ಕದಲ್ಲಿ ಮಾಮೂಲಿ ರೇಡಿಯೋ ಇಟ್ಟು ಎರಡನ್ನೂ ಕೇಳಿದೆ. ನನ್ನ ಕಿವಿಗೇ ಗೊತ್ತಾಗುತ್ತದೆ, ಒಂದು ಇಳಿದಿದೆ. ಇಷ್ಟು ದಿನ ಒಂದೊಂದನ್ನೇ ಕೇಳುತ್ತಿದ್ದೆವು, ಅದಕ್ಕೇ ಗೊತ್ತಾಗಿಲ್ಲ.

ಕಡಲತಡಿ · 12:07

ಹೀಟ್‌ಸಿಂಕ್ 😂 ಅವರಿಗೆ ಯಾರು ಹೇಳುತ್ತೀರಿ?

ಹಳೇರೇಡಿಯೋ · 12:30

ಒಬ್ಬರು ಲಿಂಕ್ ಕಳಿಸಿದರು, ಬಂದೆ. "ಮುಟ್ಟಬೇಡಿ" ಬರೆದ ಪಾಪಿ ನಾನೇ.

0.98437 ನನಗೆ ಚೆನ್ನಾಗಿ ನೆನಪಿದೆ. ಮೊದಲ ಚಿತ್ರ ಬಂದಾಗ ಭೂಮಿ ಪೂರ್ತಿ ಓರೆ. ರೇಟನ್ನು ಒಂದು ಸಂಖ್ಯೆಯಿಂದ ಭಾಗಿಸುತ್ತಾ, ಚಿತ್ರ ನೋಡುತ್ತಾ, ರಾತ್ರಿ ಎರಡು ಗಂಟೆ ತನಕ ಒಂದೊಂದೇ ಅಂಕಿ ಸರಿ ಮಾಡುತ್ತಾ ಹೋದೆ. 0.98, 0.984, 0.9844, ಹೀಗೆ. ಐದನೇ ಅಂಕಿಗೆ ಗೆರೆ ನೆಟ್ಟಗೆ ನಿಂತಿತು. ಡಾಂಗಲ್‌ನ ಕ್ರಿಸ್ಟಲ್ ಕಚಡಾ, ಅದಕ್ಕೇ ಹೀಗೆ ಅಂದುಕೊಂಡೆ. ಶೇಕಡ ಒಂದೂವರೆ ತಪ್ಪುವ ಕ್ರಿಸ್ಟಲ್ ಇರುತ್ತದಾ ಅಂತ ಆಗ ಹೊಳೆಯಲೇ ಇಲ್ಲ. ಭಾಗಾಕಾರದಲ್ಲಿ ಬಾಲ ಕತ್ತರಿಸಿದ್ದು ಈ ಶನಿವಾರ ಗೊತ್ತಾಗುತ್ತಿದೆ.

ಐದನೇ ಅಂಕಿ ನಂತರ ಸುಸ್ತಾಗಿ ಮಲಗಿದೆ. ಇನ್ನೊಂದು ಅಂಕಿ ಹಾಕಿದ್ದರೆ 63/64 ಕೈಗೆ ಸಿಗುತ್ತಿತ್ತು.

ಅರ್ಧಬಿಟ್ · 12:36

ಸರ್, ಕಣ್ಣಳತೆಯಲ್ಲಿ 5 ಪಿಪಿಎಂ (ಹತ್ತು ಲಕ್ಷಕ್ಕೆ ಐದು) ಹತ್ತಿರ ಹೋಗಿದ್ದೀರಿ! ಆ 5 ಪಿಪಿಎಂ ಉಳಿದದ್ದು ಉಪಗ್ರಹ ತಲೆಮೇಲೆ ಹಾದುಹೋಗುವ ಹತ್ತು ನಿಮಿಷದ ಪಾಸ್‌ಗೆ 3 ಮಿಲಿಸೆಕೆಂಡ್, ಅಂದರೆ ಹನ್ನೆರಡು ಪಿಕ್ಸೆಲ್. ಸಾಲಿನ ಶುರು ತೋರಿಸುವ ಸಿಂಕ್ ಗುರುತು ಸಾಲಿಗೊಂದು ಇರುವುದರಿಂದ ಅದೂ ಮುಚ್ಚಿಹೋಗುತ್ತದೆ. ಹೊಗಳಬೇಕೋ ಬಯ್ಯಬೇಕೋ ಗೊತ್ತಾಗುತ್ತಿಲ್ಲ.

ಹಳೇರೇಡಿಯೋ · 12:40

ಎರಡೂ ಮಾಡಿ, ಅಭ್ಯಾಸ ಇದೆ.

ಸೂಜಿದಾರ · 12:41

ಸರ್ ನಮಸ್ಕಾರ! 37 ಏನು ಸರ್?

ಹಳೇರೇಡಿಯೋ · 12:44

ಅದು ಡಾಂಗಲ್‌ನ ವಿಳಂಬ ಅಂತ ನೆನಪು. ಯುಎಸ್‌ಬಿಯಲ್ಲಿ ಬರೋದು ತಡ ಆಗುತ್ತದಲ್ಲ, ಅದು.

ಅರ್ಧಬಿಟ್ · 12:46

ಯುಎಸ್‌ಬಿ ತಡ ಆದರೆ ಇಡೀ ಸಿಗ್ನಲ್ ತಡ ಆಗುತ್ತದೆ ಸರ್, ಸಿಂಕ್ ಕೂಡ. ಚಿತ್ರ ಮಾತ್ರ ಸರಿಯೋದಿಲ್ಲ.

ಹೊಸಬಳು · 13:15

ನಾನು ಎಂಜಿನಿಯರಿಂಗ್ ಮೂರನೇ ವರ್ಷ. ಮಧ್ಯೆ ಮಾತಾಡಬಹುದಾ? ನಿಮ್ಮ ಎಫ್‌ಐಆರ್ ಫಿಲ್ಟರ್‌ಗೆ ಎಷ್ಟು ಟ್ಯಾಪ್ (ಗುಣಿಸುವ ತೂಕಗಳು) ಇವೆ? 75 ಏನಾದರೂ ಇದೆಯಾ?

ಸೂಜಿದಾರ · 13:19

75. ಹೌದು. ಹೇಗೆ ಗೊತ್ತಾಯಿತು?!

ಹೊಸಬಳು · 13:27

ಇಂಟರ್ನಲ್ಸ್‌ಗೆ ಇದೇ ಪ್ರಶ್ನೆ ಬಂದಿತ್ತು 🙂 ಎರಡು ಕಡೆ ಒಂದೇ ಥರ ಇರುವ ಎಫ್‌ಐಆರ್ ಫಿಲ್ಟರ್ ಸಿಗ್ನಲನ್ನು ಟ್ಯಾಪ್‌ಗಳಲ್ಲಿ ಒಂದು ಕಳೆದು ಅರ್ಧ ಮಾಡಿದಷ್ಟು ಸ್ಯಾಂಪಲ್ ತಡ ಮಾಡುತ್ತದೆ. 74ರ ಅರ್ಧ 37. ಗ್ರೂಪ್ ಡಿಲೇ ಅಂತ.

ಸಿಂಕ್ ಹುಡುಕೋದು ಫಿಲ್ಟರ್‌ಗೆ ಮುಂಚೆ, ಪಿಕ್ಸೆಲ್ ತೆಗೆಯೋದು ಫಿಲ್ಟರ್ ಆದ ಮೇಲೆ ಅಂತ ಇರಬೇಕು. ಅದಕ್ಕೇ ಎರಡರ ಮಧ್ಯೆ 37ರ ವ್ಯತ್ಯಾಸ.

ಸೂಜಿದಾರ · 13:31

ಹಾಗೇ ಇದೆ. ಅಕ್ಷರಶಃ ಹಾಗೇ ಇದೆ.

ಹಳೇರೇಡಿಯೋ · 13:33

ತಾಯಿ, ಇಷ್ಟು ದಿನ ಎಲ್ಲಿದ್ದೆಯಮ್ಮ?

ಹೊಸಬಳು · 13:34

ಹೈಸ್ಕೂಲ್‌ನಲ್ಲಿ ಇದ್ದೆ ಸರ್.

ಬೆಳ್ಳುಳ್ಳಿ_ಚಟ್ನಿ · 13:36

😂😂 ಇದಕ್ಕ ಉತ್ತರ ಇಲ್ಲ ಬಿಡ್ರಿ

ತಾರಸಿ_ಆಂಟೆನಾ · 14:10

ಎಲ್ಲ ಸರಿ, ಒಂದು ಮಾತು ಯಾರೂ ಹೇಳುತ್ತಿಲ್ಲ. ನೋವಾ ಉಪಗ್ರಹಗಳೇ ಇಲ್ಲವಲ್ಲ! 2025ರ ಜೂನ್‌ನಲ್ಲಿ ನೋವಾ-18 ನಿಲ್ಲಿಸಿದರು, ಆಗಸ್ಟ್‌ನಲ್ಲಿ 19, ಆಮೇಲೆ 15. ಎಪಿಟಿ ಕಳಿಸುವ ನೋವಾ ಈಗ ಒಂದೂ ಉಳಿದಿಲ್ಲ. ಇಲ್ಲದ ಸಿಗ್ನಲ್‌ಗೆ ಮೂರು ಪಿಕ್ಸೆಲ್ ಲೆಕ್ಕ ಯಾಕೆ?

ನನ್ನ ತಾರಸಿ ಮೇಲೆ ಅದಕ್ಕೇ ಅಂತ ಕಟ್ಟಿದ ವಿ ಡೈಪೋಲ್ ಇನ್ನೂ ಇದೆ. 53 ಸೆಂಟಿಮೀಟರ್‌ನ ಎರಡು ಅಲ್ಯೂಮಿನಿಯಂ ಕಡ್ಡಿ, ಮಧ್ಯೆ 120 ಡಿಗ್ರಿ. ಈಗ ನಮ್ಮಮ್ಮ ಅದರ ಮೇಲೆ ಟವೆಲ್ ಒಣಗಿಸುತ್ತಾರೆ.

ಕಡಲತಡಿ · 14:18

ಮೀಟಿಯೋರ್‌ಗೆ ತಿರುಗಿಸಿ ಮಾರಾಯ್ರೆ. ರಷ್ಯಾದ ಹವಾಮಾನ ಉಪಗ್ರಹಗಳಾದ ಮೀಟಿಯೋರ್ ಎಂ2-3, ಎಂ2-4 ಅದೇ 137 ಮೆಗಾಹರ್ಟ್ಸ್‌ನಲ್ಲಿ ಎಲ್‌ಆರ್‌ಪಿಟಿ ಕಳಿಸುತ್ತವೆ. ಡಿಜಿಟಲ್, ಚಿತ್ರ ಇನ್ನೂ ಚೆಂದ. ಅದೇ ಆಂಟೆನಾ ಸಾಕು. ಟವೆಲ್ ಮಾತ್ರ ತೆಗೆಯಿರಿ.

ಸೂಜಿದಾರ · 14:25

@ತಾರಸಿ_ಆಂಟೆನಾ ನಾನೂ ಅದನ್ನು ಯೋಚಿಸಿದ್ದೆ. ಆದರೆ ಜನ ಹಳೇ ರೆಕಾರ್ಡಿಂಗ್ ಇಟ್ಟುಕೊಂಡಿದ್ದಾರೆ. ನಂದೇ ಒಂದು ಹಾರ್ಡ್‌ಡಿಸ್ಕ್ ತುಂಬಾ ಇದೆ, ನೋವಾ-15ರ ಕೊನೆಯ ತಿಂಗಳುಗಳದ್ದು ಸೇರಿ. 1998ರಲ್ಲಿ ಹಾರಿದ್ದು ಅದು, ಇಪ್ಪತ್ತೇಳು ವರ್ಷ ಓಡಿತು. ಇನ್ನು ಹೊಸದು ಬರೋದಿಲ್ಲ. ಇರುವುದನ್ನಾದರೂ ಕರಾವಳಿ ಕರಾವಳಿಯಲ್ಲೇ ಇರುವ ಹಾಗೆ ಬಿಡಿಸಬೇಡವಾ?

ಅರ್ಧಬಿಟ್ · 14:37

ಅದಲ್ಲದೆ ಅದೇ ನಿಮ್ಮ ಪರೀಕ್ಷೆಗೆ ಬಂಡವಾಳ. ನಾಲ್ಕು ರೆಕಾರ್ಡಿಂಗ್ ಆರಿಸಿ: ಒಂದು ಜೋರಾದ ಪಾಸ್, ಒಂದು ದಿಗಂತದಲ್ಲಿ ಒದ್ದಾಡಿದ್ದು, ಒಂದು ಬರೀ ಗದ್ದಲ, ಒಂದು ಪೂರ್ತಿ ನಿಶ್ಶಬ್ದ. ನಿಶ್ಶಬ್ದ ಯಾಕೆ ಅಂತ ಶ್ರುತಿಪೆಟ್ಟಿಗೆಯವರನ್ನು ಕೇಳಿ. ಇವತ್ತಿನ ಕೋಡ್ ಏನು ಉತ್ತರ ಕೊಡುತ್ತದೋ ಅದನ್ನು ತಪ್ಪುಗಳ ಸಮೇತ ಎತ್ತಿಡಿ. ಆಮೇಲೆ ಒಂದೊಂದೇ ತೇಪೆ ಬಿಚ್ಚಿ. ಉತ್ತರ ಬದಲಾದರೆ ಯಾಕೆ ಬದಲಾಯಿತು ಅಂತ ಹೇಳೋಕೆ ಆಗಬೇಕು. ಹೇಳೋಕೆ ಬರದಿದ್ದರೆ ಆ ಬದಲಾವಣೆ ವಾಪಸ್.

ಒಂದು ಮಾತು: ಬಿಟ್‌ಗೆ ಬಿಟ್ ಹೋಲಿಸಬೇಡಿ. ರಾಸ್ಪ್‌ಬೆರಿ ಪೈಯಲ್ಲೂ ಲ್ಯಾಪ್‌ಟಾಪ್‌ನಲ್ಲೂ ಕೊನೆಯ ಬಿಟ್ ಒಂದೇ ಬರೋದಿಲ್ಲ, ಗುಣಿಸಿ ಕೂಡಿಸುವ ರೀತಿ ಬೇರೆ. ವ್ಯತ್ಯಾಸದ ಶಕ್ತಿಯನ್ನು ಡಿಬಿಯಲ್ಲಿ ಅಳೆಯಿರಿ. ಸಿಗ್ನಲ್‌ಗಿಂತ 80 ಡಿಬಿ ಕೆಳಗಿದ್ದರೆ ಸುಮ್ಮನೆ ಹೋಗಲಿ.

ತುಕ್ಕುಪ್ರಿಯ · 14:50

ಇಷ್ಟೆಲ್ಲ ಪರೀಕ್ಷೆ ಬರೆದ ಮೇಲೆ ರಸ್ಟ್‌ನಲ್ಲಿ ಬರೆಯೋದು ಇನ್ನೂ ಸುಲಭ ಅಲ್ವಾ? ಅದನ್ನೇ ಹೇಳುತ್ತಿದ್ದೇನೆ.

ಕಡಲತಡಿ · 15:04

ಅದು ಒಪ್ಪುವ ಮಾತು. ಆದರೆ ಅನುಕ್ರಮ ನೋಡಿ: ಪರೀಕ್ಷೆ ಮೊದಲು, ರಸ್ಟ್ ಆಮೇಲೆ. ನೀವು ಬೆಳಿಗ್ಗೆ ಉಲ್ಟಾ ಹೇಳಿದಿರಿ.

ರೇಡಿಯೋ ಪ್ರೋಗ್ರಾಂ ಕಟ್ಟುವ ಗ್ನೂ ರೇಡಿಯೋ ಎಷ್ಟು ದೊಡ್ಡ ಪ್ರಾಜೆಕ್ಟ್, ಅವರೂ ಒಂದೇ ಏಟಿಗೆ ಬದಲಿಸಲಿಲ್ಲ. 2019ರ ಆಗಸ್ಟ್‌ನಲ್ಲಿ 3.8 ಬಂದಾಗ ಪೈಥಾನ್ 3 ಮತ್ತು ಬ್ಲಾಕ್‌ಗಳ ವಿವರಣೆ ಎಕ್ಸ್‌ಎಂಎಲ್‌ನಿಂದ ಯಾಮ್ಲ್‌ಗೆ. ಸಿ++ ಕೋಡನ್ನು ಪೈಥಾನ್‌ಗೆ ಜೋಡಿಸುವ ಸ್ವಿಗ್ ಕಿತ್ತು ಪೈಬೈಂಡ್11 ಹಾಕಿದ್ದು 2021ರ 3.9ರಲ್ಲಿ. ಅಷ್ಟು ಹಂತ ಹಂತವಾಗಿ ಮಾಡಿದರೂ ಹೊರಗಿನವರು ಬರೆದ ಮಾಡ್ಯೂಲ್‌ಗಳು ಪ್ರತಿ ಸಲ ಒಡೆದವು. ನನ್ನದೇ ಒಂದು 3.7ಕ್ಕೆ ಬರೆದದ್ದು ಇನ್ನೂ ಹಾಗೇ ಬಿದ್ದಿದೆ.

ಬೆಳ್ಳುಳ್ಳಿ_ಚಟ್ನಿ · 15:10

ಇನ್ನೊಂದು. ಇಡೀ ಫೈಲ್‌ಗೆ ಫಾರ್ಮ್ಯಾಟರ್ ಓಡಿಸೋರು ಇದ್ದರ ಅದನ್ನ ಬ್ಯಾರೆ ಕಮಿಟ್ ಮಾಡ್ರಿ. ನಮ್ಮಲ್ಲಿ ಒಬ್ಬಾವ ಫಾರ್ಮ್ಯಾಟ್ ಮತ್ತ ಬಗ್ ಫಿಕ್ಸ್ ಕೂಡಿಸಿ ಒಂದೇ ಕಮಿಟ್ ಹಾಕಿದ. ಯಾವ ಸಾಲು ಯಾರು ಬರದ್ರು ಅಂತ ತೋರ್ಸೋ ಗಿಟ್ ಬ್ಲೇಮ್ ಹೊಡದ್ರ ಆರು ಸಾವಿರ ಸಾಲಿಗೂ ಅವನ ಹೆಸರ! 37 ಯಾರ ಹಾಕಿದ್ರು ಅಂತ ಕೇಳಿದ್ರ ಅವನ್ನೇ ಹಿಡಿಬೇಕು.

ಅರ್ಧಬಿಟ್ · 15:13

ಅದಕ್ಕೆ ಗಿಟ್ 2.23ರಿಂದ ದಾರಿ ಇದೆ. ಫಾರ್ಮ್ಯಾಟ್ ಕಮಿಟ್‌ಗಳ ಹ್ಯಾಶ್ ಒಂದು ಫೈಲ್‌ನಲ್ಲಿ ಬರೆದಿಟ್ಟು, ಬ್ಲೇಮ್ ಮಾಡುವಾಗ ಅವನ್ನು ಬಿಟ್ಟು ನೋಡು ಅಂತ ಹೇಳಬಹುದು.

ಸೂಜಿದಾರ · 15:30

ಡಿಎಂಫಸಿಸ್ ನೋಡುತ್ತಾ ಇನ್ನೊಂದು ಸಿಕ್ಕಿತು. ಟೈಮ್ ಕಾನ್‌ಸ್ಟಂಟ್ 75 ಮೈಕ್ರೋಸೆಕೆಂಡ್ ಅಂತ ಇದೆ. ಇದೂ ತೇಪೆನಾ?

ಶ್ರುತಿಪೆಟ್ಟಿಗೆ · 15:37

ಅದು ಅಮೆರಿಕದ ಲೆಕ್ಕ. ನಮ್ಮಲ್ಲಿ, ಯುರೋಪಿನಲ್ಲಿ 50. ಆರ್‌ಟಿಎಲ್ ಎಫ್‌ಎಂ ಪ್ರೋಗ್ರಾಂನಲ್ಲೂ 75 ಇದೆ, ಅಲ್ಲಿಂದ ಬಂದಿರಬಹುದು. 75 ಇಟ್ಟರೆ ಸುಮಾರು 2,100 ಹರ್ಟ್ಸ್‌ನಿಂದಲೇ ಕತ್ತರಿಸೋಕೆ ಶುರು ಮಾಡುತ್ತದೆ, 50 ಆದರೆ 3,200ರ ಹತ್ತಿರ. ನಿಮ್ಮ ರೈನ್‌ಬೋ ಮಂಕಾಗಿ ಕೇಳಬೇಕು, ತಾಳದ ಕಿಣಿಕಿಣಿ ಇರೋದಿಲ್ಲ.

ಹಳೇರೇಡಿಯೋ · 15:41

ಅದು ನಾನು ಎತ್ತಿದ್ದೇ. ಮಂಕಾಗಿದೆ ಅಂತ ಆಗಲೂ ಅನ್ನಿಸಿತ್ತು. ಅದಕ್ಕೆ ಆಮೇಲೆ ಟ್ರೆಬಲ್ ಜಾಸ್ತಿ ಮಾಡುವ ಒಂದು ಫಿಲ್ಟರ್ ಹಾಕಿದೆ.

ಕಡಲತಡಿ · 15:43

ತೇಪೆಗೆ ತೇಪೆ!

ಹಳೇರೇಡಿಯೋ · 15:52

ನಗಿ ನಗಿ. ಆದರೆ ಎಲ್ಲವನ್ನೂ ತೇಪೆ ಅಂದುಕೊಂಡು ಕಿತ್ತು ಹಾಕಬೇಡಿ. ಡಾಂಗಲ್ ಓದುವ ಜಾಗದಲ್ಲಿ ನಾಲ್ಕು ನಾಲ್ಕು ಸ್ಯಾಂಪಲ್‌ಗೆ ಐ, ಕ್ಯೂ ಅದಲುಬದಲು ಮಾಡಿ, ಕೆಲವನ್ನು 255ರಿಂದ ಕಳೆಯುವ ಒಂದು ವಿಚಿತ್ರ ಲೂಪ್ ಇದೆ. ನೋಡೋಕೆ ಹುಚ್ಚನ ಕೆಲಸ. ಅದು ಇಡೀ ಸ್ಪೆಕ್ಟ್ರಮನ್ನು ಕಾಲು ರೇಟ್‌ನಷ್ಟು ಸರಿಸುತ್ತದೆ, ಒಂದೂ ಗುಣಾಕಾರ ಇಲ್ಲದೆ. ಡಾಂಗಲ್ ಕೊಡೋದು 0ಯಿಂದ 255ರ ತನಕದ ಸಂಖ್ಯೆ, ಹಾಗಾಗಿ 255ರಿಂದ ಕಳೆದರೆ ಚಿಹ್ನೆ ಬದಲಾದಂತೆ. ನಡುವೆ ನಿಲ್ಲುವ ಡಿಸಿ ಗೂಟದಿಂದ (ಡಾಂಗಲ್ ತಾನೇ ಹುಟ್ಟಿಸುವ ಸುಳ್ಳು ಸಿಗ್ನಲ್) ದೂರ ಟ್ಯೂನ್ ಮಾಡಿ, ಆಮೇಲೆ ಹೀಗೆ ವಾಪಸ್ ತರೋದು. ಅದನ್ನು ಅಂದವಾಗಿ ಸೈನ್ ಕೊಸೈನ್ ಹಾಕಿ ಬರೆದರೆ ಪೈ ಉಸಿರು ಬಿಡುತ್ತದೆ.

ಸೂಜಿದಾರ · 15:58

ಅಯ್ಯೋ ಸರ್, ಅದನ್ನು ಹೋದ ತಿಂಗಳು ಅಂದವಾಗಿ ಬರೆದೆ.

ಹಳೇರೇಡಿಯೋ · 15:59

ಪೈ ಉಸಿರು ಬಿಟ್ಟಿತಾ?

ಸೂಜಿದಾರ · 16:00

ಬಿಟ್ಟಿತು.

ಸೂಜಿದಾರ · ಭಾನುವಾರ ರಾತ್ರಿ 9:20

ಎರಡು ದಿನದ ಲೆಕ್ಕ ಕೊಡುತ್ತೇನೆ. ನಾಲ್ಕು ರೆಕಾರ್ಡಿಂಗ್ ಇಟ್ಟು ಪರೀಕ್ಷೆ ಬರೆದೆ. ಪುಸ್ತಕದ ಎಫ್‌ಎಫ್‌ಟಿ ಹೋಗಿ ಕಿಸ್ ಬಂತು. ಕಡಲತಡಿಯವರು ಹೇಳಿದ ಕನ್ನಡಿ ತೇಪೆಯೂ ಸಿಕ್ಕಿತು: ಚಿತ್ರಿಸುವಾಗ ಬಲದಿಂದ ಎಡಕ್ಕೆ ಬರೆಯುತ್ತಿದ್ದರು. ಅದನ್ನೂ ತಿರುಗಿಸಿದೆ. ನಿಜವಾದ ರೇಟ್ ಈಗ ಒಂದು ವೇರಿಯಬಲ್ ಆಗಿ ಕೊನೆಯ ತನಕ ಹೋಗುತ್ತದೆ, 48,000 ಅಂತ ಯಾರೂ ಸುಳ್ಳು ಹೇಳುವುದಿಲ್ಲ. ಸೌಂಡ್ ಕಾರ್ಡ್‌ಗೆ ಹೋಗುವಲ್ಲಿ ಸರಿಯಾದ ರೀಸ್ಯಾಂಪ್ಲರ್ (ರೇಟ್ ಬದಲಿಸುವುದು), ಮೊದಲ ರೇಟ್‌ನಿಂದಲೇ 3/128. 0.98437 ತೆಗೆದ ಮೇಲೂ ಚಿತ್ರ ನೆಟ್ಟಗಿದೆ. ಟಿಕ್ ಶಬ್ದ ಇಲ್ಲ. ಶ್ರುತಿ ಸರಿಯಾಗಿದೆ, ಪಕ್ಕದ ರೇಡಿಯೋ ಜೊತೆ ಕೂಡುತ್ತದೆ. ಹೀಟ್‌ಸಿಂಕ್ ಅಂಟಿಸಿದವರಿಗೆ ಕ್ಷಮೆ ಕೇಳಿ ಬಗ್ ಮುಚ್ಚಿದೆ.

37 ಅನ್ನೋ ಅಂಕಿ ಎಲ್ಲೂ ಇಲ್ಲ. ಟ್ಯಾಪ್‌ಗಳಲ್ಲಿ ಒಂದು ಕಳೆದು ಅರ್ಧ ಮಾಡು ಅಂತ ಬರೆದಿದ್ದೇನೆ. ನಾಲ್ಕು ಕಾಪಿ ಫಿಲ್ಟರ್ ಒಂದಾಗಿದೆ. ಪುಟಾಣಿ ಸಂಖ್ಯೆ ಹಾಗೇ ಇದೆ, ಈಗ ಅದಕ್ಕೆ ಮೂರು ಸಾಲಿನ ಕಾಮೆಂಟ್ ಇದೆ. ಹುಚ್ಚು ಲೂಪ್ ವಾಪಸ್ ಬಂತು.

ಉಳಿದದ್ದು 250 ಮಿಲಿಸೆಕೆಂಡ್ ನಿದ್ದೆ. ಸರ್?

ಹಳೇರೇಡಿಯೋ · 9:34

ಅದು ನನ್ನ ಹಳೇ ಲ್ಯಾಪ್‌ಟಾಪ್‌ಗೆ ಅಂತ ಹಾಕಿದ್ದು. ಲ್ಯಾಪ್‌ಟಾಪ್ ಗುಜರಿಗೆ ಹೋಗಿ ಎಷ್ಟೋ ದಿನ ಆಯಿತು. ತೆಗೆಯಿರಿ.

ಸೂಜಿದಾರ · 9:51

ತೆಗೆದೆ. ಮೊದಲ ಸಾಲುಗಳಲ್ಲಿ ಕಸ ಬರುತ್ತಿದೆ.

ಅರ್ಧಬಿಟ್ · 9:58

ಟ್ಯೂನರ್ ಬೀಗ ಹಾಕಿಕೊಳ್ಳುವ ತನಕ ಬರುವ ಸ್ಯಾಂಪಲ್ ಕಸವೇ. ಮಲಗೋದು ಬೇಡ, ಓದಿ ಬಿಸಾಡಿ. ಆರ್‌ಟಿಎಲ್ ಎಫ್‌ಎಂ ಕೂಡ ಟ್ಯೂನ್ ಬದಲಿಸಿದಾಗ ಸ್ವಲ್ಪ ಬಿಸಾಡುತ್ತದೆ.

ಸೂಜಿದಾರ · 10:02

ಎಷ್ಟು ಬಿಸಾಡಲಿ? ಸುಮ್ನೆ ಒಂದು ಸಂಖ್ಯೆ ಹಾಕಿದರೆ ಮತ್ತೆ ಅದೇ ಕಥೆ. @ಹೊಸಬಳು ಇದೂ ಪರೀಕ್ಷೆಗೆ ಬಂದಿತ್ತಾ?

ಹೊಸಬಳು · 10:11

ನಾಳೆ ಬರಬಹುದು ಸರ್, ನಾಳೆ ಲ್ಯಾಬ್ ಎಕ್ಸಾಂ ಇದೆ. ಮುಗಿಸಿ ಬಂದು ನಿಮ್ಮ ರೆಕಾರ್ಡಿಂಗ್‌ನಲ್ಲಿ ಅಳೆದು ಹೇಳುತ್ತೇನೆ. ಅಲ್ಲಿಯ ತನಕ ನಿದ್ದೆ ಇರಲಿ.

ನೀರ್ಮಜ್ಜಿಗೆ · 10:12

ನಾನೂ ಅದನ್ನೇ ಹೇಳಿದ್ದೆ.